ಮಗನ ಚರ್ಮಕ್ಕೆ ಬಿಸಿಲೇ ಶತ್ರುವಾದಾಗ

ತಾಯಿ, ಮಗನಿಗೆ ಬಂದಿರುವ ‘ಎಕ್ಸ್‌ಪಿ (ಕ್ಸೀರೋಡರ್ಮಾ ಪಿಗ್ಮೆಂಟೋಸಮ್) ವೇರಿಯಂಟ್’ ಎಂಬ ಆನುವಂಶಿಕ ಕಾಯಿಲೆ ನಿಮ್ಮ ಆರೈಕೆಯ ಲೋಪವಲ್ಲ. ಆ ಕೊರಗನ್ನು ಮೊದಲು ಬಿಡಿ. ಬಿಸಿಲಿನ ಅತಿನೇರಳೆ ಕಿರಣ ತಗುಲಿದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳು ಬೆಸೆದುಕೊಳ್ಳುತ್ತವೆ. ನಕಲು ಮಾಡುವ ಮಾಮೂಲಿ ಕಿಣ್ವ ಅಲ್ಲಿ ತಡೆದು ನಿಲ್ಲುತ್ತದೆ. ಆಗ ಪಾಲಿಮರೇಸ್ ಈಟಾ ಎಂಬ ಇನ್ನೊಂದು ಕಿಣ್ವ ಬಂದು, ಅವುಗಳ ಎದುರಿಗೆ ಎರಡು ಅಡೆನಿನ್ ಜೋಡಿಸಿ ಮುಂದೆ ಸಾಗುತ್ತದೆ. ಡಿಎನ್‌ಎಯ ಗಾಯ ಮಾಯುವುದಿಲ್ಲ, ನಕಲು ಮಾತ್ರ ಸರಿಯಾಗುತ್ತದೆ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಕೆಲಸ ಇದು. ನಿಮ್ಮ ಮಗನಲ್ಲಿ ಈ ಕಿಣ್ವವೇ ಕೆಲಸ ಮಾಡುತ್ತಿಲ್ಲ. ಬದಲಿಗೆ ಬರುವ ಕಿಣ್ವಗಳ ತಪ್ಪುಗಳು ಸೇರುತ್ತಾ ಹೋದರೆ ಚರ್ಮದ ಕ್ಯಾನ್ಸರ್ ಬರಬಹುದು.

ಮೋಡವಿದ್ದರೂ ತುಂಬುತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಬೇಕು. ಕಿಟಕಿಯ ಗಾಜನ್ನು ನಂಬಬೇಡಿ. ಚರ್ಮತಜ್ಞರ ತಪಾಸಣೆ ತಪ್ಪಿಸಬೇಡಿ; ವಿಟಮಿನ್ ಡಿ ಬಗ್ಗೆಯೂ ಅವರನ್ನೇ ಕೇಳಿ. ತಂಗಿಗೂ ಇದು ಬಂದಿರುವ ಸಾಧ್ಯತೆ 4ರಲ್ಲಿ 1, ಅವಳಿಗೂ ಪರೀಕ್ಷೆ ಮಾಡಿಸಿ.