ಹೇಳಿದ್ದು ಮುಟ್ಟಿತೇ?

‘ಐ ಟೋಲ್ಡ್ ದೆಮ್’ ಎಂದರೆ ಹೇಳಿದ್ದಾಯಿತು, ಅಷ್ಟೇ. ಕೇಳಿದವರ ತಲೆಗೆ ಹೋಯಿತೋ ಇಲ್ಲವೋ, ಅದು ಬೇರೆ ಮಾತು. ಅರ್ಥವಾಗುವಂತೆ ಮುಟ್ಟಿಸಿದೆ ಎನ್ನಬೇಕಿದ್ದರೆ ಇಂಗ್ಲಿಷಿನ ‘ಗೆಟ್ ಅಕ್ರಾಸ್’ ಬಳಸಿ: ‘ಐ ಗಾಟ್ ದಿ ಐಡಿಯಾ ಅಕ್ರಾಸ್’. ‘ಗಾಟ್ ಅಕ್ರಾಸ್ ದಿ ಐಡಿಯಾ’ ಎಂದರೂ ತಪ್ಪಲ್ಲ. ಆದರೆ ‘ಐಡಿಯಾ’ ಜಾಗಕ್ಕೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಗಾಟ್ ಇಟ್ ಅಕ್ರಾಸ್’. ‘ಗಾಟ್ ಅಕ್ರಾಸ್ ಇಟ್’ ಎಂದಿರೋ, ನೀವು ಹೊಳೆಯನ್ನೋ ರಸ್ತೆಯನ್ನೋ ದಾಟಿದಿರಿ ಎಂದುಕೊಂಡಾರು! ಯಾರಿಗೆ ಎನ್ನಲು ‘ಟು’ ಸೇರಿಸಿದರಾಯಿತು. ‘ಕಮ್ ಅಕ್ರಾಸ್’ ಜತೆ ಮಾತ್ರ ಬೆರೆಸಬೇಡಿ. ‘ಐ ಕೇಮ್ ಅಕ್ರಾಸ್ ಆನ್ ಐಡಿಯಾ’ ಎಂದರೆ ಆ ಐಡಿಯಾ ನಿಮಗೇ ಅಕಸ್ಮಾತ್ತಾಗಿ ಸಿಕ್ಕಿತು ಎಂದರ್ಥ, ಬೇರೆಯವರಿಗೆ ತಿಳಿಸಿದ್ದಲ್ಲ. ಕೆಲಸದ ಇಂಟರ್‌ವ್ಯೂಗೆ ಹೊರಟವರು ‘ಐ ಗಾಟ್ ಇಟ್ ಅಕ್ರಾಸ್’ ಎಂಬುದೊಂದನ್ನು ಜೋರಾಗಿ ನಾಲ್ಕು ಸಲ ಹೇಳಿಕೊಂಡು ಹೋಗಿ.