ಮೀಟರಿನ ಕೆಂಪು ಚುಕ್ಕೆ

ತಿಪಟೂರು ಸೀಮೆಯ ಹಳ್ಳಿ ಹೈಸ್ಕೂಲುಗಳಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠ ಬಂದಾಗಲೆಲ್ಲ ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಲೆಕ್ಕವನ್ನೂ ಮಾಡುತ್ತಾರೆ, ಅಂಕವನ್ನೂ ತೆಗೆಯುತ್ತಾರೆ. ಆದರೆ ‘ನಿಮ್ಮನೆ ಫ್ಯಾನು ರಾತ್ರಿಯಿಡೀ ತಿರುಗಿದರೆ ಎಷ್ಟು ಯೂನಿಟ್ಟು?’ ಎಂದರೆ ಮುಖಮುಖ ನೋಡಿಕೊಳ್ಳುತ್ತಾರೆ. ಮೊದಲ ಹತ್ತು ವರ್ಷ ಇದು ಮಕ್ಕಳ ತಪ್ಪು ಅಂದುಕೊಂಡಿದ್ದೆ. ಆಮೇಲೆ ನಾನು ಕಲಿತಿದ್ದು ಇಲ್ಲಿದೆ.

1. ಮೊದಲು ಮಾತಿನ ಸಿಕ್ಕು ಬಿಡಿಸಬೇಕು

ನಮ್ಮೂರಲ್ಲಿ ಎಲ್ಲದಕ್ಕೂ ಒಂದೇ ಮಾತು: ಕರೆಂಟು. ಕರೆಂಟು ಹೋಯ್ತು, ಕರೆಂಟು ಹೊಡೀತು, ಕರೆಂಟು ಕಮ್ಮಿ ಇದೆ, ಕರೆಂಟಿನ ಬಿಲ್ಲು ಕಟ್ಟಬೇಕು. ಮೊದಲನೆಯದರಲ್ಲಿ ಹೋಗಿದ್ದು ವೋಲ್ಟೇಜು. ಎರಡನೆಯದರಲ್ಲಿ ಮೈಯೊಳಗೆ ಹರಿದದ್ದು ನಿಜವಾಗಿಯೂ ವಿದ್ಯುತ್ ಪ್ರವಾಹ. ಮೂರನೆಯದರಲ್ಲಿ ಮತ್ತೆ ವೋಲ್ಟೇಜು. ಕೊನೆಯದರಲ್ಲಿ ದುಡ್ಡು ಕಟ್ಟುವುದು ಶಕ್ತಿಗೆ. ಇನ್ನು ‘ಪವರ್ರು’ ಎಂದು ನಾವು ಮಾತಾಡುವಾಗ ಅನ್ನುವುದು ಪಠ್ಯದಲ್ಲಿ ‘ಸಾಮರ್ಥ್ಯ’. ‘ಶಕ್ತಿ’ ಅಂದರೆ ಮಕ್ಕಳಿಗೆ ಭೀಮ, ಟಾನಿಕ್ಕು, ಮಾರಮ್ಮ ಎಲ್ಲವೂ.

ಈಗ ಪಾಠದ ಮೊದಲ ದಿನ ಬೋರ್ಡಿನ ಮೇಲೆ ಎರಡೇ ಪ್ರಶ್ನೆ ಬರೆಯುತ್ತೇನೆ. ‘ಒಟ್ಟು ಎಷ್ಟು?’ ಇದು ಶಕ್ತಿ: ಜೂಲ್, ಯೂನಿಟ್. ‘ಎಷ್ಟು ಬೇಗ?’ ಇದು ಸಾಮರ್ಥ್ಯ: ವ್ಯಾಟ್, ಎಚ್‌ಪಿ. ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತದೆ. ಕ್ಯಾನಿನಲ್ಲಿ ಎಷ್ಟು ಲೀಟರ್ ಇದೆ ಎನ್ನುವುದು ಬೇರೆ, ಕರೆಯುವವರ ಕೈ ಎಷ್ಟು ಚುರುಕು ಎನ್ನುವುದು ಬೇರೆ. ‘ಒಂದು ಗಂಟೆಗೆ ಎಷ್ಟು ವ್ಯಾಟ್ ಖರ್ಚಾಗುತ್ತೆ ಸಾ?’ ಎಂದು ಯಾರಾದರೂ ಕೇಳಿದರೆ ಪಾಠ ಇನ್ನೂ ಇಳಿದಿಲ್ಲ ಅಂತ ಲೆಕ್ಕ. ಪತ್ರಿಕೆಗಳಲ್ಲೂ ದಿನಕ್ಕೆ ಇಷ್ಟು ಮೆಗಾವ್ಯಾಟ್ ಉತ್ಪಾದನೆ ಎಂದು ಬರೆಯುವವರಿದ್ದಾರೆ, ಮಕ್ಕಳನ್ನೇನು ಬೈಯುವುದು.

2. ಮೆಟ್ಟಿಲು ಹತ್ತಿಸಿ

ನಮ್ಮ ಶಾಲೆಯ ಮಹಡಿಗೆ ಇಪ್ಪತ್ತೊಂದು ಮೆಟ್ಟಿಲು, ಒಟ್ಟು ಎತ್ತರ ಮೂರೂವರೆ ಮೀಟರ್. 45 ಕೆ.ಜಿ. ತೂಗುವ ಹುಡುಗ ಹತ್ತಿದರೆ 45ನ್ನು 9.8ರಿಂದ, ಮತ್ತೆ 3.5ರಿಂದ ಗುಣಿಸಬೇಕು. ಸುಮಾರು 1,540 ಜೂಲ್. ಅವನು ಆರು ಸೆಕೆಂಡಿನಲ್ಲಿ ಓಡಿಹೋದರೆ 257 ವ್ಯಾಟ್, ಅಂದರೆ ಮೂರನೇ ಒಂದು ಎಚ್‌ಪಿ. ಇಪ್ಪತ್ತು ಸೆಕೆಂಡು ತಗೊಂಡು ನಿಧಾನ ಹತ್ತಿದರೆ 77 ವ್ಯಾಟ್, ಕ್ಲಾಸಿನಲ್ಲಿ ತಿರುಗುವ ಹಳೇ ಸೀಲಿಂಗ್ ಫ್ಯಾನಿನಷ್ಟು. ಜೂಲ್ ಮಾತ್ರ ಎರಡು ಸಲವೂ ಅಷ್ಟೇ.

‘ಓಡಿದರೆ ಸುಸ್ತಾಗುತ್ತೆ, ಹೆಂಗೆ ಸಾ ಒಂದೇ ಆಗುತ್ತೆ?’ ಎಂದು ಒಬ್ಬರಾದರೂ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಭಾರ ಮೇಲಕ್ಕೆ ಹೋಗಲು ಬೇಕಾದದ್ದು ಅಷ್ಟೇ. ಮೈ ಬಿಸಿಯಾಗಿದ್ದು, ಬೆವರಿದ್ದು ಬೇರೆ ಖಾತೆ. ಆ ಖಾತೆಯನ್ನು ಅಂದೇ ತೆರೆಯಲು ಹೋಗಬೇಡಿ. ನಾನು ಒಮ್ಮೆ ಹೋಗಿ, ಇಡೀ ಪೀರಿಯಡ್ಡು ಬೆವರಿನಲ್ಲೇ ಕೊಚ್ಚಿಹೋಯಿತು.

3. ಮೀಟರೇ ಪ್ರಯೋಗಶಾಲೆ

ಬಿಲ್ಲು ತಂದು ತೋರಿಸಿ ಎನ್ನುತ್ತಿದ್ದ ಕಾಲವಿತ್ತು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತದೆ. ಒಳ್ಳೆಯದೇ, ಆದರೆ ಬಳಸಿದ ಯೂನಿಟ್ಟಿನ ಸಾಲನ್ನು ಈಗ ಯಾರೂ ಓದುವುದಿಲ್ಲ. ಹಾಗಾಗಿ ಮಕ್ಕಳನ್ನು ಬಿಲ್ಲು ಬಿಟ್ಟು ಮೀಟರಿನ ಮುಂದೆಯೇ ನಿಲ್ಲಿಸುತ್ತೇನೆ.

ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಒಂದು ಕಿಲೋವ್ಯಾಟ್ ಅವರ್‌ಗೆ ಇಷ್ಟು ಇಂಪಲ್ಸ್ ಎಂದು ಬರೆದಿರುತ್ತದೆ. ನಮ್ಮ ಶಾಲೆಯದರ ಮೇಲೆ 3200. (ಎಲ್ಲ ಮೀಟರಿನಲ್ಲೂ ಇದೇ ಸಂಖ್ಯೆ ಇರುವುದಿಲ್ಲ, ನಿಮ್ಮದನ್ನು ಓದಿಕೊಳ್ಳಿ.) ಅಂದರೆ ಆ ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್ ಮುಗಿಯಿತು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ ಒಂದು ಮಿಣುಕಿಗೆ 1,125 ಜೂಲ್.

ಒಂದು ಭಾನುವಾರ ಎಂಟು ಮಕ್ಕಳನ್ನು ಕರೆದುಕೊಂಡು ಶಾಲೆಯ ಎಲ್ಲ ಸ್ವಿಚ್ಚು ಆರಿಸಿದೆವು. ಕೆಂಪು ಚುಕ್ಕೆ ಸತ್ತಂತೆ ನಿಂತಿತು. ಆಫೀಸಿನ ಹಳೇ 60 ವ್ಯಾಟ್ ಬುರುಡೆ ಬಲ್ಬು ಹಾಕಿದೆವು. ಎಲ್ಲರ ಕಣ್ಣೂ ಮೀಟರಿನ ಮೇಲೆ. ಒಂದು ಮಿಣುಕು. ಮತ್ತೆ ಹತ್ತೊಂಬತ್ತು ಸೆಕೆಂಡು ಏನೂ ಇಲ್ಲ. ಇನ್ನೊಂದು ಮಿಣುಕು. ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದೆವು. ಕಾಯ್ದೆವು. ಕಾಯ್ದೆವು. ‘ಕೆಟ್ಟೋಯ್ತು ಬುಡಿ ಸಾ’ ಎಂದು ಒಬ್ಬ ಎದ್ದುನಿಂತ. ಎರಡು ನಿಮಿಷ ದಾಟಿದ ಮೇಲೆ ಒಂದೇ ಒಂದು ಸಲ ಮಿಣುಕಿತು. ಎಲ್ಲರೂ ಹೋ ಎಂದರು. ಕೊನೆಗೆ ನಮ್ಮ ಮನೆಯಿಂದ ತಂದಿದ್ದ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಚುಚ್ಚಿದಾಗ ಚುಕ್ಕೆಗೆ ಹುಚ್ಚು ಹಿಡಿದಂತಾಯಿತು, ಹೆಚ್ಚುಕಮ್ಮಿ ಸೆಕೆಂಡಿಗೊಂದು.

ಒಂದೇ ಮೀಟರು, ಒಂದೇ ಚುಕ್ಕೆ. ಎಷ್ಟು ಸಲ ಮಿಣುಕಿತು ಅನ್ನುವುದು ಶಕ್ತಿ, ಎಷ್ಟು ಬೇಗಬೇಗ ಮಿಣುಕಿತು ಅನ್ನುವುದು ಸಾಮರ್ಥ್ಯ. ಅವತ್ತಿನ ಎಂಟು ಮಕ್ಕಳಲ್ಲಿ ಒಬ್ಬರೂ ಆಮೇಲೆ ಈ ಎರಡನ್ನು ಅದಲುಬದಲು ಮಾಡಿದ್ದು ನಾನು ಕೇಳಿಲ್ಲ. ಮೆಟ್ಟಿಲಿನ ಲೆಕ್ಕವನ್ನೂ ಅಲ್ಲಿಗೇ ತಂದೆ. ಮಹಡಿಗೆ ಒಂದು ಸಲ ಹತ್ತಿದ್ದಕ್ಕೆ ಸಿಗುವುದು ಒಂದು ಮಿಣುಕು, ಮೇಲೆ ಚೂರು. ಒಂದು ಯೂನಿಟ್ಟಿನಷ್ಟು ಕೆಲಸ ಮಾಡಲು ಆ ಹುಡುಗ 2,300ಕ್ಕೂ ಹೆಚ್ಚು ಸಲ ಹತ್ತಬೇಕು. ‘ಇಷ್ಟು ಅಗ್ಗನಾ ಸಾ ಕರೆಂಟು?’ ಎಂದಳು ಒಬ್ಬಳು. ಹೌದು, ಮೈಮುರಿದು ದುಡಿಯುವವರ ಲೆಕ್ಕದಲ್ಲಿ ನೋಡಿದರೆ ಕರೆಂಟು ನಾಚಿಕೆಯಾಗುವಷ್ಟು ಅಗ್ಗ.

4. ಎತ್ತುವುದು ಸಲೀಸು, ಕಾಯಿಸುವುದು ದುಬಾರಿ

ಇದನ್ನು ಪಠ್ಯಪುಸ್ತಕ ಹೇಳುವುದೇ ಇಲ್ಲ, ಹೇಳಬೇಕಿತ್ತು. ಹತ್ತು ಮೀಟರ್ ಆಳದ ಬಾವಿಯಿಂದ ಹದಿನೈದು ಲೀಟರಿನ ಒಂದು ಬಕೆಟ್ ನೀರು ಸೇದಲು ಬೇಕಾದ ಶಕ್ತಿ 1,470 ಜೂಲ್. ಅದೇ ನೀರನ್ನು ಸ್ನಾನಕ್ಕೆಂದು ಇಪ್ಪತ್ತು ಡಿಗ್ರಿ ಬಿಸಿ ಮಾಡಲು 12 ಲಕ್ಷ 60 ಸಾವಿರ ಜೂಲ್. ಎಂಟುನೂರೈವತ್ತು ಪಟ್ಟಿಗಿಂತ ಹೆಚ್ಚು! ಸೇದುವಾಗ ರಟ್ಟೆ ಬಿದ್ದುಹೋಗುತ್ತದೆ, ಕಾಯಿಸುವಾಗ ಸ್ವಿಚ್ಚು ಒತ್ತಿದರಾಯಿತು. ಅದಕ್ಕೇ ನಮ್ಮ ಅಂದಾಜು ತಲೆಕೆಳಗಾಗಿರುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಹೀಗೆ ಬಿಸಿ ಮಾಡುವುದೆಲ್ಲ ಒಂದು ಸಾಲು. ಬಲ್ಬು, ಫ್ಯಾನು, ಮೊಬೈಲ್ ಚಾರ್ಜರ್ ಇನ್ನೊಂದು ಸಾಲು. ಮೊಬೈಲು ಐವತ್ತು ಸಲ ಪೂರ್ತಿ ಚಾರ್ಜ್ ಆದರೂ ಒಂದು ಯೂನಿಟ್ಟಿನ ಆಸುಪಾಸು. ಮಕ್ಕಳಿಗೆ ಮೊಬೈಲ್ ಚಾರ್ಜಿಗೆ ಬೈಯುವ ಅಪ್ಪಂದಿರು ಕಾಯಿಲ್ ಹಾಕಿದ ಬಕೆಟ್ಟನ್ನು ಮರೆತು ಹೊಲಕ್ಕೆ ಹೋಗುತ್ತಾರೆ.

5. ಸ್ವಿಚ್ಚು ಒತ್ತಿದೊಡನೆ ದೀಪ ಏಕೆ?

ತಂತಿಯಲ್ಲಿ ಎಲೆಕ್ಟ್ರಾನು ಬೆಳಕಿನ ವೇಗದಲ್ಲಿ ಓಡಿಬರುತ್ತದೆ ಎಂದು ಮಕ್ಕಳು ಅಂದುಕೊಂಡಿರುತ್ತಾರೆ. ಅದು ಮುಂದೆ ಸರಿಯುವುದು ಬಸವನಹುಳಕ್ಕಿಂತ ನಿಧಾನ; ನಮ್ಮ ಮನೆಯ ಕರೆಂಟಿನಲ್ಲಂತೂ ನಿಂತಲ್ಲೇ ಹಿಂದುಮುಂದು ಓಲಾಡುತ್ತದೆ. ಸೈಕಲ್ಲಿನ ಚೈನು ತೋರಿಸಿ. ಪೆಡಲು ತುಳಿದ ಕ್ಷಣವೇ ಹಿಂದಿನ ಚಕ್ರ ತಿರುಗುತ್ತದೆ, ಮುಂದಿದ್ದ ಕೊಂಡಿ ಹಿಂದಕ್ಕೆ ಬರುವವರೆಗೆ ಕಾಯುವುದಿಲ್ಲ. ಇಷ್ಟು ಸಾಕು.

6. ರೈತನ ಮಗ ಕೇಳಿದ ಪ್ರಶ್ನೆಗೆ ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಿರಬಹುದು

ನನ್ನ ಮೂರನೇ ವರ್ಷದ ಸರ್ವಿಸು. ಓಮ್ ನಿಯಮ ಮುಗಿಸಿ, ವೋಲ್ಟೇಜು ಕಮ್ಮಿಯಾದರೆ ಪ್ರವಾಹವೂ ಕಮ್ಮಿಯಾಗುತ್ತದೆ ಎಂದು ಗ್ರಾಫು ಎಳೆದು ತೋರಿಸಿದ್ದೆ. ಹಿಂದಿನ ಬೆಂಚಿನವನು ಎದ್ದ. ‘ಹಂಗಾದ್ರೆ ಲೋ ವೋಲ್ಟೇಜಿಗೆ ನಮ್ಮ ಮೋಟ್ರು ಯಾಕೆ ಸುಟ್ಟೋಯ್ತು ಸಾ? ಕರೆಂಟು ಕಮ್ಮಿ ಆದ್ರೆ ತಣ್ಣಗಿರಬೇಕಲ್ವಾ?’ ನನಗೆ ತೋಚಲಿಲ್ಲ. ‘ಒಳಗೆ ಮಣ್ಣು ಹೋಗಿರಬೇಕು ಕೂತ್ಕೊ’ ಎಂದೆ. ಅವನು ಕೂತ. ಅವನ ಮುಖ ನೋಡಿದರೆ ಒಪ್ಪಿದ ಹಾಗಿರಲಿಲ್ಲ.

ಶನಿವಾರ ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದೆ. ವಾರ್ನಿಷ್ ಸುಟ್ಟ ವಾಸನೆ, ಕಪ್ಪಾದ ತಾಮ್ರದ ತಂತಿಯ ರಾಶಿ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, ‘ಸ್ಟಾರ್ಟರ್ ಬೋರ್ಡಲ್ಲಿ ಎರಡು ಮುಳ್ಳು ಇರ್ತವೆ, ನೋಡಿದ್ದೀರಾ ಮೇಷ್ಟ್ರೇ? ವೋಲ್ಟ್ ಮುಳ್ಳು ಇಳೀತಾ ಹೋದಂಗೆ ಆಂಪ್ಸ್ ಮುಳ್ಳು ಏರ್ತದೆ. ಅದನ್ನ ನೋಡ್ದಲೆ ಮಲಗ್ತಾರೆ, ಬೆಳಿಗ್ಗೆ ಇಲ್ಲಿಗೆ ತರ್ತಾರೆ’ ಎಂದ.

ಅಲ್ಲಿಂದ ಬಂದು ಪುಸ್ತಕ ತಿರುವಿದೆ. ಓಮ್ ನಿಯಮ ರೋಧ ಬದಲಾಗದ ತಂತಿಗೆ ಸರಿ. ಮೋಟಾರು ಹಾಗಲ್ಲ. ಅದು ತಿರುಗುವಾಗ ತಾನೇ ಒಂದು ಎದುರು ವೋಲ್ಟೇಜು ಹುಟ್ಟಿಸಿ, ಒಳಬರುವ ಪ್ರವಾಹಕ್ಕೆ ಕಡಿವಾಣ ಹಾಕಿರುತ್ತದೆ. ಬೋರಿನ ಆಳ ಅಷ್ಟೇ ಇರುತ್ತದೆ, ಎತ್ತಬೇಕಾದ ನೀರಿನ ಹೊರೆಯೂ ಹೆಚ್ಚುಕಮ್ಮಿ ಅಷ್ಟೇ. ವೋಲ್ಟೇಜು ಕುಸಿದರೆ ಆ ಹೊರೆ ಎಳೆಯಲು ಮೋಟಾರು ಹೆಚ್ಚು ಪ್ರವಾಹ ಎಳೆದುಕೊಳ್ಳುತ್ತದೆ. ತಂತಿ ಬಿಸಿಯಾಗುವುದು ಪ್ರವಾಹದ ವರ್ಗಕ್ಕೆ ಸರಿಯಾಗಿ: ಪ್ರವಾಹ ಶೇ. 20 ಏರಿದರೆ ಶಾಖ ಶೇ. 44 ಏರುತ್ತದೆ. ಸುತ್ತಿದ ತಂತಿಯ ಹೊದಿಕೆ ಕರಗಿ ಕಾಯಿಲ್ ಸುಡುತ್ತದೆ. ಸೋಮವಾರ ಆ ಹುಡುಗನನ್ನು ಎಬ್ಬಿಸಿ, ಅವತ್ತು ನಾನು ಹೇಳಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ಸುಲಭವಾಗಿರಲಿಲ್ಲ.

ಇದೇ ಲೆಕ್ಕವನ್ನು ತಿರುಗಿಸಿದರೆ ಶಿವನಸಮುದ್ರದ ಕಥೆ ಅರ್ಥವಾಗುತ್ತದೆ. 1902ರಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು; ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅಷ್ಟು ದೂರ ಮನೆಯ ವೋಲ್ಟೇಜಿನಲ್ಲೇ ಕಳಿಸಿದ್ದರೆ ದಾರಿಯಲ್ಲೇ ಎಲ್ಲ ಶಾಖವಾಗಿ ಸೋರಿಹೋಗುತ್ತಿತ್ತು. ಹತ್ತಾರು ಸಾವಿರ ವೋಲ್ಟಿಗೆ ಏರಿಸಿದ್ದರಿಂದ ತಂತಿಯಲ್ಲಿ ಪ್ರವಾಹ ಕಮ್ಮಿಯಾಯಿತು. ವೋಲ್ಟೇಜು ದುಪ್ಪಟ್ಟಾದರೆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ.

7. ಪುಸ್ತಕದ ಉತ್ತರವೂ ಮಲ್ಟಿಮೀಟರಿನ ಉತ್ತರವೂ ಬೇರೆ ಬಂದರೆ ಖುಷಿಪಡಿ

60 ವ್ಯಾಟ್ ಬಲ್ಬಿನ ರೋಧ ಲೆಕ್ಕದ ಪ್ರಕಾರ ಸುಮಾರು 880 ಓಮ್. ಉರಿಯದ ಬಲ್ಬಿಗೆ ಮಲ್ಟಿಮೀಟರ್ ಮುಟ್ಟಿಸಿದರೆ ಅದರ ಹತ್ತನೇ ಒಂದು ಭಾಗವೂ ತೋರಿಸುವುದಿಲ್ಲ. ‘ಮೀಟ್ರು ಸುಳ್ಳು ಹೇಳ್ತದೆ’ ಎಂದರು ಮಕ್ಕಳು. ಯಾರದ್ದೂ ಸುಳ್ಳಲ್ಲ. ಕಾದ ಟಂಗ್‌ಸ್ಟನ್ನಿನ ರೋಧ ಬೇರೆ, ತಣ್ಣಗಿದ್ದದ್ದರ ರೋಧ ಬೇರೆ. ತಣ್ಣಗಿದ್ದಾಗ ರೋಧ ಕಮ್ಮಿ, ಮೊದಲ ಕ್ಷಣ ಪ್ರವಾಹ ನುಗ್ಗುತ್ತದೆ. ಹಾಗಾಗಿಯೇ ಬಲ್ಬು ಹೋಗುವುದು ಬಹುತೇಕ ಸ್ವಿಚ್ಚು ಒತ್ತಿದ ಕ್ಷಣದಲ್ಲಿ. ಬುರುಡೆ ಬಲ್ಬು ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ. ನಾನು ನಾಲ್ಕು ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇನೆ.

8. ಮೂರನೇ ಪಿನ್ನು

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಕತ್ತರಿಸಿ ಎರಡು ತೂತಿಗೆ ತುರುಕುವ ಮನೆ ಪ್ರತಿ ಕ್ಲಾಸಿನಲ್ಲೂ ನಾಲ್ಕೈದು ಇರುತ್ತವೆ. ಆ ಪಿನ್ನು ಅರ್ಥಿಂಗು. ಉಳಿದೆರಡಕ್ಕಿಂತ ಉದ್ದ, ಏಕೆಂದರೆ ಮೊದಲು ಒಳಹೋಗಬೇಕು, ಕೊನೆಗೆ ಹೊರಬರಬೇಕು. ನೀರು ಕಾಯಿಸುವ ಕಾಯಿಲ್ ಬಕೆಟ್ಟಿನಲ್ಲಿರುವಾಗ ಬೆರಳದ್ದಿ ನೋಡಬಾರದು. ಇದನ್ನು ಪಾಠದ ಕೊನೆಗೆ ಹೇಳುತ್ತಿದ್ದೆ, ಈಗ ಮೊದಲ ವಾರವೇ ಹೇಳುತ್ತೇನೆ. ಪರೀಕ್ಷೆಗೆ ಬರದಿದ್ದರೂ ಬರೆಸುತ್ತೇನೆ.

9. ಲೆಕ್ಕ ಮಕ್ಕಳ ಮನೆಗೆ ಹೋಗಲಿ, ಏನಾಗುತ್ತದೋ ನೋಡೋಣ

ಹೋದ ವರ್ಷ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ರಾತ್ರಿ ಮನೆಯ ಎಲ್ಲವನ್ನೂ ಆರಿಸಿ ಮೀಟರಿನ ಮುಂದೆ ಕೂತಿದ್ದಳಂತೆ. ‘ಎಲ್ಲ ಆರಿಸಿದ್ರೂ ಒಂದೂವರೆ ನಿಮಿಷಕ್ಕೊಂದು ಸಲ ಮಿಣುಕುತ್ತೆ ಸಾ.’ ಅವರ ಮೀಟರಿನದ್ದೂ 3200. ಅಂದರೆ ಹನ್ನೆರಡೂವರೆ ವ್ಯಾಟ್. ಹುಡುಕಿದಾಗ ಸಿಕ್ಕಿದ್ದು ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸು. ರಿಮೋಟಿನಲ್ಲಿ ಆರಿಸುತ್ತಿದ್ದರೇ ಹೊರತು ಸ್ವಿಚ್ಚು ಮುಟ್ಟುತ್ತಿರಲಿಲ್ಲ. ದಿನದ 24 ಗಂಟೆ, ತಿಂಗಳ 30 ದಿನ ಲೆಕ್ಕ ಹಾಕಿದರೆ ಒಂಬತ್ತು ಯೂನಿಟ್.

‘ಆದ್ರೆ ಸಾ, ನಮಗೆ ಬಿಲ್ಲು ಸೊನ್ನೆ. ಆರಿಸಿದ್ರೆ ಏನು ಉಳೀತು?’ ಎಂದಳು.

ಬೋರ್ಡಿಗೆ ಕರೆದೆ. ಕರೆಂಟು ಹುಟ್ಟಿಸುವ ನೀರಿನ ಲೆಕ್ಕ ಹಾಕೋಣ ಎಂದೆ. ಜೋಗ ಜಲಪಾತದ ಎತ್ತರ 253 ಮೀಟರ್. ಒಂದು ಲೀಟರ್ ನೀರು ಅಷ್ಟು ಎತ್ತರದಿಂದ ಇಳಿದರೆ ಸಿಗುವುದು ಸುಮಾರು 2,480 ಜೂಲ್. ‘ಎರಡೇ ಮಿಣುಕಾ ಸಾ?’ ಎಂದು ಅವಳೇ ಬಾಯಿ ಬಿಟ್ಟಳು. ಒಂದು ಹನಿ ಶಕ್ತಿಯೂ ನಷ್ಟವಾಗದಿದ್ದರೂ ಒಂದು ಯೂನಿಟ್ಟಿಗೆ 1,450 ಲೀಟರ್ ಬೇಕು. ಒಂಬತ್ತು ಯೂನಿಟ್ಟಿಗೆ ಹದಿಮೂರು ಸಾವಿರ. ಹೋದ ಬೇಸಿಗೆಯಲ್ಲಿ ಅವರ ಬೀದಿಗೆ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಅವಳು ಚಾಕ್‌ಪೀಸ್ ಹಿಡಿದೇ ಟ್ಯಾಂಕರ್ ಲೆಕ್ಕಕ್ಕೆ ಇಳಿದಳು.

ಮರುವಾರ ಕೇಳಿದೆ, ಸ್ವಿಚ್ಚು ಆರಿಸ್ತಿದ್ದೀಯೇನಮ್ಮಾ ಎಂದು. ‘ಎರಡು ದಿನ ಆರಿಸ್ದೆ ಸಾ. ಆಮೇಲೆ ಬಾಕ್ಸು ಶುರುವಾಗಕ್ಕೆ ಟೈಮ್ ತಗೊಳ್ತು ಅಂತ, ಅಜ್ಜಿಗೆ ಧಾರಾವಾಹಿ ಮೊದಲಿಂದ ಸಿಗಲಿಲ್ಲ. ಈಗ ಅಜ್ಜಿ ಸ್ವಿಚ್‌ಬೋರ್ಡ್ ಪಕ್ಕನೇ ಕೂತ್ಕೊಳ್ಳುತ್ತೆ.’