ಐದನೆಯ ರಾಮಾನುಜನಿಗೆ

ಮೈಸೂರು

ಚಿ. ರಾಮಾನುಜನಿಗೆ,

  ನೀನು ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡು ಆರೋಗ್ಯವಾಗಿದ್ದೀಯೆ ಎಂದುಕೊಂಡಿದ್ದೇನೆ.

ನಿನ್ನಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಎಂ-ತ್ರೀ ಗಣಿತದ ಪೇಪರು ಬ್ಯಾಕ್ ಉಳಿದದ್ದು, ಮೇಷ್ಟರೊಬ್ಬರು ಹಾಜರಿ ಪುಸ್ತಕ ನೋಡಿ ‘ಇಂಥ ಹೆಸರಿಟ್ಟುಕೊಂಡು ಗಣಿತದಲ್ಲಿ ಇಷ್ಟೇನಾ’ ಎಂದದ್ದು, ತರಗತಿಯೆಲ್ಲ ನಕ್ಕದ್ದು, ಅಫಿಡವಿಟ್ ಮಾಡಿಸಿ ಹೆಸರನ್ನೇ ಬದಲಾಯಿಸಿಕೊಳ್ಳುತ್ತೇನೆಂದು ನೀನು ಹಟ ಹಿಡಿದದ್ದು. ಬ್ಯಾಕ್ ಉಳಿದದ್ದಕ್ಕೆ ನನಗೆ ಚಿಂತೆಯಿಲ್ಲ ಮಗು, ಇನ್ನೊಂದು ಸಲ ಬರೆದರಾಯಿತು. ಆ ಮಾತು ನಿನ್ನೊಳಗೆ ನಾಟಿಕೊಂಡಿದೆಯಲ್ಲ, ಅದು ನನಗೆ ಸಂಕಟ. ಹೆಸರು ಬದಲಾಯಿಸುವುದು ಬಿಡುವುದು ನಿನ್ನಿಷ್ಟ, ನಾನು ಅಡ್ಡ ಬರುವುದಿಲ್ಲ. ಆದರೆ ಅದಕ್ಕೆ ಮೊದಲು ಈ ಹೆಸರಿನಲ್ಲಿ ಬದುಕಿದವರು ಯಾರು ಯಾರು ಎಂದು ತಿಳಿದುಕೋ. ನಿನ್ನ ಮೇಷ್ಟರಿಗೆ ಒಬ್ಬರು ಮಾತ್ರ ನೆನಪಾದರು. ನನಗೆ ನಾಲ್ವರು ಗೊತ್ತು.

ಮೊದಲನೆಯವರು ರಾಮಾನುಜಾಚಾರ್ಯರು. ನಿನಗೆ ಹೆಸರಿಟ್ಟವಳು ನಿನ್ನ ಅಜ್ಜಿ. ಅವಳ ಮನಸ್ಸಿನಲ್ಲಿದ್ದವರು ಇವರೇ, ಗಣಿತದ ವಿಚಾರ ಅವಳಿಗೆ ಹೊಳೆದೂ ಇರಲಿಲ್ಲ. ಉಳಿದ ಮೂವರಿಗೂ ಈ ಹೆಸರು ಬಂದದ್ದು ಈ ಮೂಲದಿಂದಲೇ. ಶ್ರೀಪೆರುಂಬುದೂರಿನಲ್ಲಿ ಹುಟ್ಟಿ, ಶ್ರೀರಂಗದಲ್ಲಿ ನೆಲೆಸಿ, ಶ್ರೀಭಾಷ್ಯ ಬರೆದು ವಿಶಿಷ್ಟಾದ್ವೈತವನ್ನು ಗಟ್ಟಿಯಾಗಿ ನಿಲ್ಲಿಸಿದವರು ಅವರು. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1017ರಿಂದ 1137. ತಿರುಕ್ಕೋಟ್ಟಿಯೂರಿನ ಗುರುಗಳ ಹತ್ತಿರ ಮಂತ್ರೋಪದೇಶ ಬೇಡಿ ಹೋದಾಗ ಹದಿನೆಂಟು ಸಲ ಅಲೆಯಬೇಕಾಯಿತೆಂದು ಪರಂಪರೆ ಹೇಳುತ್ತದೆ. ಕೊನೆಗೆ ಗುರುಗಳು, ಯಾರಿಗೂ ಹೇಳಕೂಡದು, ಹೇಳಿದರೆ ನರಕ ಎಂಬ ಎಚ್ಚರಿಕೆಯೊಡನೆ ಉಪದೇಶ ಕೊಟ್ಟರು. ಆಚಾರ್ಯರು ನೆಟ್ಟಗೆ ಗುಡಿಯ ಗೋಪುರ ಹತ್ತಿ, ಕೆಳಗೆ ನೆರೆದವರಿಗೆಲ್ಲ ಕೇಳುವಂತೆ ಆ ಮಂತ್ರವನ್ನು ಸಾರಿದರು. ಇಷ್ಟು ಜನ ಉದ್ಧಾರವಾಗುವುದಾದರೆ ತಾನೊಬ್ಬ ನರಕಕ್ಕೆ ಹೋದರೇನು ಎಂಬುದು ಅವರ ನಿಲುವು. ಕೆಳಗೆ ನಿಂತಿದ್ದವರ ಕುಲ ಯಾವುದು, ಮನೆತನ ಯಾವುದು ಎಂದು ಅವರು ವಿಚಾರಿಸಲಿಲ್ಲ.

ನಮ್ಮ ಮೇಲುಕೋಟೆಗೆ ಅವರು ಬಂದದ್ದು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ. ಊರು ಮುಟ್ಟಿಸಿಕೊಳ್ಳದೆ ದೂರ ಇಟ್ಟಿದ್ದ ಜನರನ್ನು ತಿರುಕುಲದವರೆಂದು ಕರೆದು, ಚೆಲುವನಾರಾಯಣನ ಗುಡಿಯೊಳಗೆ ಅವರಿಗೆ ಪ್ರವೇಶ ಕೊಡಿಸಿದರೆಂದು ಅಲ್ಲಿನ ಸಂಪ್ರದಾಯ. ವರ್ಷದಲ್ಲಿ ಕೆಲವೇ ದಿನ, ನಿಜ. ಇಂದಿನ ಕಣ್ಣಿಗೆ ಅದು ಸಾಲದು ಅನ್ನಿಸುವುದೂ ನ್ಯಾಯವೇ. ಆದರೂ ಬಾಗಿಲೇ ಇಲ್ಲದ ಕಡೆ ಒಂದು ಬಾಗಿಲು ತೆರೆದ ಮನುಷ್ಯನ ಹೆಸರು ನಿನ್ನದು.

ಎರಡನೆಯವರು ನಿನ್ನ ಮೇಷ್ಟರ ಬಾಯಲ್ಲಿ ಬಂದವರು, ಶ್ರೀನಿವಾಸ ರಾಮಾನುಜನ್. 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದರು. ಅವರ ಹೆಸರಿನಿಂದ ನಿನ್ನನ್ನು ಅಳೆದವರು ಅವರ ಅಂಕಪಟ್ಟಿಯನ್ನು ನೆನೆಯಲಿಲ್ಲ. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಎಡವಿ ವಿದ್ಯಾರ್ಥಿವೇತನ ಕಳೆದುಕೊಂಡರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಹೋಗಿ ಎಫ್.ಎ. ಪರೀಕ್ಷೆಗೆ ಕೂತರು, ಮತ್ತೆ ನಪಾಸು. ಗಣಿತ ಬಿಟ್ಟರೆ ಬೇರೆ ಯಾವ ಪುಸ್ತಕಕ್ಕೂ ಮನಸ್ಸು ಕೊಡಲಾಗದ ಹುಡುಗ. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲೇ ಒರೆಸಿ, ಕೊನೆಯ ಫಲಿತವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಪದವಿ ಇಲ್ಲ, ಕೆಲಸ ಇಲ್ಲ, ಮದುವೆಯಾಗಿದೆ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ ಅವರ ಸ್ಥಿತಿ ಇದು. ಊರಿನವರು ಆ ಹುಡುಗನನ್ನು ನೋಡಿ ಏನಂದುಕೊಂಡಿರಬಹುದು, ಯೋಚಿಸು.

ಆಗ ಒಬ್ಬರು ಅವರನ್ನು ಸರಿಯಾಗಿ ನೋಡಿದರು. ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್. ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯನ್ನು 1907ರಲ್ಲಿ ಕಟ್ಟಿದವರು ಅವರೇ. ಕಂದಾಯ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಕೊಡಿಸಿ ಎಂದು ರಾಮಾನುಜನ್ ಅವರೆದುರು ನಿಂತರು. ಅಯ್ಯರ್ ನೋಟ್‌ಬುಕ್ ತಿರುವಿ ನೋಡಿದರು. ಇಂಥವನನ್ನು ಕಚೇರಿಯ ಕೆಳಮೆಟ್ಟಿಲಲ್ಲಿ ಕೂರಿಸಿ ಕೆಡಿಸಲು ಮನಸ್ಸು ಬಾರದೆ, ಮದರಾಸಿನ ಗಣಿತದವರಿಗೆ ಪರಿಚಯ ಪತ್ರ ಬರೆದುಕೊಟ್ಟರು. ಅಲ್ಲಿಂದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಅವರ ಬಳಿಗೆ. ಅವರಿಗೆ ಮೊದಮೊದಲು ಅನುಮಾನವಿತ್ತು, ಆದರೂ ಕೂತು ಕೇಳಿಸಿಕೊಂಡರು. ನಿನಗೇನು ಬೇಕೆಂದು ಕೇಳಿದಾಗ ಹುಡುಗ ಬೇಡಿದ್ದು, ಹೊಟ್ಟೆಯ ಚಿಂತೆಯಿಲ್ಲದೆ ಲೆಕ್ಕ ಮಾಡಲು ಒಂದಿಷ್ಟು ಬಿಡುವು. ರಾವ್ ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು. 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ಕೇಂಬ್ರಿಜಿನ ಹಾರ್ಡಿಗೆ ಕಾಗದ ಬರೆದರು. ಅದಕ್ಕೆ ಮೊದಲು ಇಂಗ್ಲೆಂಡಿನ ಬೇರೆ ಗಣಿತಜ್ಞರಿಗೆ ಬರೆದದ್ದರಿಂದ ಏನೂ ಪ್ರಯೋಜನವಾಗಿರಲಿಲ್ಲ. ಹಾರ್ಡಿ ಮಾತ್ರ ತಮ್ಮ ಸಹೋದ್ಯೋಗಿ ಲಿಟಲ್‌ವುಡ್ ಜೊತೆ ಕೂತು ಆ ಸೂತ್ರಗಳನ್ನೆಲ್ಲ ಪರಿಶೀಲಿಸಿದರು. 1914ರಲ್ಲಿ ಹಡಗು ಹತ್ತಿದವರು 1918ಕ್ಕೆ ರಾಯಲ್ ಸೊಸೈಟಿಯ ಫೆಲೋ ಆದರು. ಯುದ್ಧಕಾಲದ ಇಂಗ್ಲೆಂಡಿನ ಚಳಿಯಲ್ಲಿ, ಬೇಕಾದ ಸಸ್ಯಾಹಾರ ಸಿಗದೆ, ಕಾಯಿಲೆ ಬಿದ್ದರು. 1919ರಲ್ಲಿ ತಿರುಗಿ ಬಂದು, ಮರುವರ್ಷ ಏಪ್ರಿಲ್ 26ರಂದು, ಮೂವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಪ್ರತಿಭೆಯಷ್ಟೇ ದೊಡ್ಡದು, ಕೂತು ಕೇಳಿಸಿಕೊಂಡವರ ತಾಳ್ಮೆ. ಹುಡುಗನ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ನೋಟ್‌ಬುಕ್ ನೋಡಿದ ಕೆಲವರು ಇಲ್ಲದಿದ್ದರೆ ನಮಗೆ ಆ ಹೆಸರೇ ಗೊತ್ತಾಗುತ್ತಿರಲಿಲ್ಲ.

ಮೂರನೆಯವರು ನಮ್ಮೂರಿನವರು, ಎ.ಕೆ. ರಾಮಾನುಜನ್. ಇವರ ಕಥೆಯನ್ನು ನೀನು ಎರಡು ಸಲ ಓದು. 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಹುಟ್ಟಿದರು, ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ ಓದಿದರು. ಅವರ ತಂದೆ ಅತ್ತಿಪಟ್ ಆಸೂರಿ ಕೃಷ್ಣಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಗಣಿತದ ಮೇಷ್ಟರ ಮನೆ, ಮಗನ ಹೆಸರು ರಾಮಾನುಜನ್. ಕಾಲೇಜಿನ ಮೊದಲ ವರ್ಷ ಹುಡುಗ ವಿಜ್ಞಾನವನ್ನೇ ತೆಗೆದುಕೊಂಡ. ತಂದೆ ಮಗನನ್ನು ಗಮನಿಸಿದರು. ಇವನ ಬುದ್ಧಿ ಗಣಿತದ ಕಡೆಗಿಲ್ಲ ಎಂದು ಕಂಡುಕೊಂಡು, ಅವನನ್ನು ಒಪ್ಪಿಸಿ ಇಂಗ್ಲಿಷ್ ಸಾಹಿತ್ಯಕ್ಕೆ ಬದಲಾಯಿಸಿದರು.

ಆ ತಂದೆಯ ದೊಡ್ಡತನವನ್ನು ಯೋಚಿಸಿ ನೋಡು. ತಾನು ಬಾಳೆಲ್ಲ ಪ್ರೀತಿಸಿದ ವಿದ್ಯೆ ಮಗನಿಗೆ ಬಾರದು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಒಪ್ಪಿಕೊಂಡದ್ದರಿಂದ ಏನಾಯಿತು? ಆ ಹುಡುಗ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಪುಸ್ತಕವಾಗಿ 1973ರಲ್ಲಿ ಇಂಗ್ಲಿಷಿಗೆ ಕೊಟ್ಟ. ಸಂಗಂ ಕಾಲದ ತಮಿಳು ಕವಿತೆಗಳನ್ನು ಲೋಕಕ್ಕೆ ಕೇಳಿಸಿದ. ‘ಸಂಸ್ಕಾರ’ ಕಾದಂಬರಿಯನ್ನು ಇಂಗ್ಲಿಷಿಗೆ ತಂದ. ಕನ್ನಡದಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ. ಅಡುಗೆಮನೆಯಲ್ಲಿ ಅಜ್ಜಿಯರು ಮಕ್ಕಳಿಗೆ ಅನ್ನ ಕಲಸುತ್ತ ಹೇಳುವ ಕಥೆಗಳನ್ನು ವಿದ್ವತ್ತಿನ ಸಮಕ್ಕೆ ಕೂರಿಸಿದ. ಗಿರೀಶ ಕಾರ್ನಾಡರ ‘ನಾಗಮಂಡಲ’ ಹುಟ್ಟಿದ್ದು ಅವರು ಹೇಳಿದ ಜನಪದ ಕಥೆಗಳಿಂದ. ಹೂವಿನ ಗಿಡವಾಗುವ ಹುಡುಗಿಯ ಕನ್ನಡದ ಕಥೆಯೊಂದು ಅವರ ಅನುವಾದದ ಮೂಲಕ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅವರಿಗೆ ಸಿಕ್ಕಿ, 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಆಯಿತು. ಗಣಿತ ಬಾರದ ರಾಮಾನುಜನ್ ಒಬ್ಬರಿಂದ ಆದ ಕೆಲಸ ಇಷ್ಟು.

ಆಚಾರ್ಯರಿಗೂ ಇವರಿಗೂ ಒಂದು ಕಡೆ ದಾರಿ ಕೂಡುತ್ತದೆ. ತಮಿಳು ಭಕ್ತಕವಿ ನಮ್ಮಾಳ್ವಾರರ ತಿರುವಾಯ್‌ಮೊಳಿಗೆ ಆಚಾರ್ಯರು ತಮ್ಮ ಶಿಷ್ಯರಿಂದ ಮೊದಲ ವ್ಯಾಖ್ಯಾನ ಬರೆಸಿದರು. ಅದೇ ನಮ್ಮಾಳ್ವಾರರನ್ನು ಎ.ಕೆ. ರಾಮಾನುಜನ್ 1981ರಲ್ಲಿ ಇಂಗ್ಲಿಷಿಗೆ ತಂದರು. ಒಬ್ಬರು ಮಠದಲ್ಲಿ ಕೂತು, ಇನ್ನೊಬ್ಬರು ಷಿಕಾಗೋದಲ್ಲಿ ಕೂತು. ಒಬ್ಬರದು ಭಕ್ತಿಯ ದಾರಿ, ಇನ್ನೊಬ್ಬರದು ಕಾವ್ಯದ ದಾರಿ. ಕವಿ ಆಚಾರ್ಯರನ್ನು ಅನುಕರಿಸಲು ಹೋಗಲಿಲ್ಲ. ತನಗೆ ಬಂದ ರೀತಿಯಲ್ಲಿ ಓದಿದರು. ಇವರ ಕನ್ನಡ ಕಾದಂಬರಿಯೊಂದರ ಹೆಸರು ‘ಮತ್ತೊಬ್ಬನ ಆತ್ಮಚರಿತ್ರೆ’. ನಿನಗೆ ಅದನ್ನು ಓದಲು ಕೊಡುತ್ತೇನೆ, ಆದರೆ ಅಂಥದನ್ನು ನೀನು ಬದುಕಬೇಡ.

ನಾಲ್ಕನೆಯವರ ಹೆಸರು ನೀನು ಕೇಳಿರಲಾರೆ. ಸಿ.ಪಿ. ರಾಮಾನುಜಂ. 1938ರಲ್ಲಿ ಮದರಾಸಿನಲ್ಲಿ ಹುಟ್ಟಿದವರು, ಲಯೋಲಾ ಕಾಲೇಜಿನಲ್ಲಿ ಓದಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಇವರೂ ಗಣಿತದವರೇ. ಆ ಹೆಸರಿಟ್ಟುಕೊಂಡು ಗಣಿತಕ್ಕೇ ಹೋದವರ ಪಾಡು ಏನಿರಬಹುದು, ನಿನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಇವರ ಗಣಿತವೇ ಬೇರೆ. ಶ್ರೀನಿವಾಸ ರಾಮಾನುಜನ್ ಅವರದು ಸಂಖ್ಯೆಗಳು, ಅನಂತ ಶ್ರೇಣಿಗಳು, ಮಿಂಚಿನಂತೆ ಹೊಳೆದ ಸೂತ್ರಗಳು. ಇವರದು ಬೀಜರೇಖಾಗಣಿತ, ಒಂದೊಂದೇ ಹೆಜ್ಜೆಯನ್ನು ಭದ್ರಪಡಿಸಿಕೊಂಡು ಹೋಗುವ ದಾರಿ. ಡೇವಿಡ್ ಮಮ್‌ಫರ್ಡ್ ಮುಂಬಯಿಯಲ್ಲಿ ಕೊಟ್ಟ ಉಪನ್ಯಾಸಗಳ ಟಿಪ್ಪಣಿಯನ್ನು ಇವರು ಎಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದರೆಂದರೆ, 1970ರಲ್ಲಿ ‘ಅಬೀಲಿಯನ್ ವೆರೈಟೀಸ್’ ಪುಸ್ತಕವಾಗಿ ಬಂದದ್ದು ಅದರಿಂದಲೇ. ಇವರ ಹೆಸರಿನ ಪ್ರಮೇಯವೊಂದು ಇಂದಿಗೂ ಬಳಕೆಯಲ್ಲಿದೆ. ಒಂದೇ ಹೆಸರು, ಒಂದೇ ವಿದ್ಯೆ. ಆದರೂ ಒಬ್ಬರಂತೆ ಒಬ್ಬರಿಲ್ಲ.

ಸಿ.ಪಿ. ರಾಮಾನುಜಂ ತೀವ್ರ ಮಾನಸಿಕ ಕಾಯಿಲೆಯಿಂದ ನರಳಿದರು. 1974ರ ಅಕ್ಟೋಬರಿನಲ್ಲಿ, ನೀನಿರುವ ಅದೇ ಬೆಂಗಳೂರಿನಲ್ಲಿ, ಮೂವತ್ತಾರರ ವಯಸ್ಸಿಗೇ ಹೋಗಿಬಿಟ್ಟರು. ಇದನ್ನು ನಿನ್ನಿಂದ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಮನಸ್ಸಿಗೆ ಬರುವ ಕಾಯಿಲೆಯೂ ಜ್ವರ ಕೆಮ್ಮಿನ ಹಾಗೆ ಕಾಯಿಲೆಯೇ. ಅದಕ್ಕೂ ವೈದ್ಯರಿದ್ದಾರೆ, ಔಷಧವಿದೆ. ಎಷ್ಟು ದೊಡ್ಡ ಬುದ್ಧಿವಂತನಿಗೂ ಅದು ಬರಬಹುದು, ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ನಿದ್ದೆ ಬಾರದೆ ಹೋದರೆ, ಊಟ ಸೇರದೆ ಹೋದರೆ, ಯಾರೂ ಬೇಡ ಅನ್ನಿಸಿದರೆ, ಆ ಹೊತ್ತಿಗೇ ನನಗೆ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಮಾಡು. ಇದು ನನ್ನ ಆಣೆ.

ನಾಲ್ವರನ್ನೂ ನೋಡಿದೆಯಲ್ಲ. ವೇದಾಂತಿ, ಗಣಿತಜ್ಞ, ಕವಿ, ಮತ್ತೆ ಇನ್ನೊಂದು ಬಗೆಯ ಗಣಿತಜ್ಞ. ಇವರಲ್ಲಿ ಯಾರೂ ಹೆಸರನ್ನು ನೋಡಿ ದಾರಿ ಹಿಡಿಯಲಿಲ್ಲ. ಹೆಸರು ಹಿರಿಯರು ಪ್ರೀತಿಯಿಂದ ಇಟ್ಟದ್ದು, ಮಗು ಮುಂದೆ ಏನಾಗುತ್ತದೆಂದು ತಿಳಿಯುವ ಮೊದಲೇ ಇಟ್ಟದ್ದು. ಅದರಲ್ಲಿ ಆಸೆಯಿರುತ್ತದೆ, ಕರಾರು ಇರುವುದಿಲ್ಲ. ಮನುಷ್ಯನನ್ನು ಬೆಳೆಸುವುದು ಅವನನ್ನು ಅವನಾಗಿಯೇ ನೋಡುವ ಕಣ್ಣು. ರಾಮಸ್ವಾಮಿ ಅಯ್ಯರ್ ಹಾಗೆ ನೋಡಿದರು, ಕೃಷ್ಣಸ್ವಾಮಿಯವರು ಹಾಗೆ ನೋಡಿದರು, ಆಚಾರ್ಯರು ಗೋಪುರದ ಮೇಲಿಂದ ಇಡೀ ಜನವನ್ನೇ ಹಾಗೆ ನೋಡಿದರು. ನಿನ್ನ ಮೇಷ್ಟರು ಆ ದಿನ ಹಾಜರಿ ಪುಸ್ತಕವನ್ನು ಮಾತ್ರ ನೋಡಿದರು. ನಾವೂ ಮನೆಯವರು ನಿನ್ನನ್ನು ಸರಿಯಾಗಿ ನೋಡಬೇಕು, ಆ ಹೊಣೆ ನಮ್ಮದು.

ನಾನು ನಿನ್ನನ್ನು ನೋಡಿದ್ದೇನೆ. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ತೋಟದ ಪಂಪ್‌ಸೆಟ್ಟಿನ ಹತ್ತಿರವೇ ಇರುತ್ತಿದ್ದೆ. ಮೆಕ್ಯಾನಿಕ್ ಮೋಟಾರು ಬಿಚ್ಚಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ವೈಂಡಿಂಗ್ ಸುಟ್ಟಿರುವುದನ್ನು ವಾಸನೆಯಲ್ಲೇ ಹೇಳುತ್ತಿದ್ದೆ. ಕಂಪ್ಯೂಟರ್ ಸೈನ್ಸ್ ಬೇಕೆಂದು ನೀನು ಯಾವತ್ತೂ ಕೇಳಿದವನಲ್ಲ. ಸೀಟು ಸಿಕ್ಕಿತೆಂದು ನಾವು ಸೇರಿಸಿದೆವು. ಮೋಟಾರಿನ ಕೆಲಸಕ್ಕೂ ಲೆಕ್ಕ ಬೇಕು, ಆದ್ದರಿಂದ ಎಂ-ತ್ರೀಯನ್ನು ದ್ವೇಷಿಸಬೇಡ, ಪಾಸಾಗುವಷ್ಟು ಓದಿ ಮುಗಿಸು. ಅದರಾಚೆ ನಿನಗೆ ಯಾವುದು ಬೇಕು ಎಂಬುದನ್ನು ನೀನೇ ತೀರ್ಮಾನಿಸು. ಬ್ರಾಂಚ್ ಬದಲಾಯಿಸಲು ಸಾಧ್ಯವೇ ಎಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸು. ಆಗದಿದ್ದರೆ ಡಿಗ್ರಿ ಮುಗಿಸಿ ಮುಂದೆ ಆ ಕಡೆಗೆ ತಿರುಗಬಹುದು.

ನಿನ್ನಪ್ಪನ ಹತ್ತಿರ ಇದನ್ನೆಲ್ಲ ಬಾಯಿಬಿಟ್ಟು ಹೇಳು. ಅವನು ಒಂದು ಗಳಿಗೆ ಸಿಟ್ಟಾಗಬಹುದು, ಅದು ನಿನ್ನ ಭವಿಷ್ಯದ ಭಯದಿಂದ ಬರುವ ಸಿಟ್ಟು. ಆಗ ಈ ಕಾಗದದಲ್ಲಿ ಕೃಷ್ಣಸ್ವಾಮಿಯವರ ವಿಷಯ ಬರೆದಿರುವ ಭಾಗವನ್ನು ಅವನಿಗೆ ಓದಿ ಹೇಳು. ಅವನು ನನ್ನ ಮಗ, ಕೇಳಿಸಿಕೊಳ್ಳುತ್ತಾನೆ. ಕೇಳದಿದ್ದರೆ ನಾನೇ ಬಂದು ಕೂತು ಮಾತಾಡುತ್ತೇನೆ.

ದೇವರು ನಿನಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ.

ಇಂತಿ ನಿನ್ನ ಪ್ರೀತಿಯ
ತಾತ